ಇಂಜಿನ್ನಿನ ಗಾಳಿಕಿಂಡಿ

"ಇಲ್ಲೂ ಲೀಕು!" ಅಂದ ರಾಮಲಿಂಗ ಮಾವ. "ಗೀಟು ಹಾಕು ರಮ್ಯಾ."

ರಮ್ಯಾ ಸೀಮೆಸುಣ್ಣದಿಂದ ಗೀಟು ಹಾಕಿದಳು. ಮಾವ ಹಚ್ಚಿದ ಊದುಬತ್ತಿ ಹಿಡಿದು ಹಿತ್ತಲಿನ ಕಬ್ಬಿಣದ ಡ್ರಮ್ಮಿನ ಮುಚ್ಚಳದ ಅಂಚಿನುದ್ದಕ್ಕೂ ಮೆಲ್ಲಗೆ ಸರಿಸುತ್ತಿದ್ದ. ಸಂದು ಇದ್ದ ಕಡೆ ಅದರ ಹೊಗೆ ಸುಯ್ಯೆಂದು ಒಳಕ್ಕೆ ಹೋಗುತ್ತಿತ್ತು. ಆಗಲೇ ಹನ್ನೊಂದು ಗೀಟು ಬಿದ್ದಿದ್ದವು.

"ಅದು ದೇವರ ಊದುಬತ್ತಿ ಕಣಪ್ಪ! ಕೋಳಿ ಸುಡೋ ಡಬ್ಬಕ್ಕೆ ಬೆಳಗ್ತಾ ಕೂತಿದ್ದೀಯಲ್ಲ!" ಅಡುಗೆಮನೆ ಬಾಗಿಲಿಂದ ಅಜ್ಜಿ ಪದ್ಮಾವತಮ್ಮ ಕೂಗಿದರು. ಅಜ್ಜಿ ಮಾಂಸ ಮುಟ್ಟುವವರಲ್ಲ. ಆದರೆ ಹಿತ್ತಲಲ್ಲಿ ಏನೇ ನಡೆದರೂ ಅವರಿಗೊಂದು ಮಾತು ಆಡಲೇಬೇಕು.

"ರೋಗ ಎಲ್ಲೈತೆ ಅಂತ ನೋಡ್ತಿದೀನಿ ಅತ್ತೆ," ಅಂದ ಮಾವ.

ರಮ್ಯಾಳ ಕೈಬೆವರಿಗೆ ಸೀಮೆಸುಣ್ಣ ಒದ್ದೆಯಾಗಿತ್ತು. ರೋಗ ಆ ಸಂದುಗಳಲ್ಲಿ ಇಲ್ಲ ಅನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

ಆ ಡಬ್ಬದ ನಿಜವಾದ ಹೆಸರು ಸ್ಮೋಕರ್. ಅಪ್ಪ ಆನಂದಕುಮಾರ್ ಅದನ್ನು ಆನ್‌ಲೈನ್ ಆಫರ್‌ನಲ್ಲಿ ಅಗ್ಗಕ್ಕೆ ತರಿಸಿದ್ದ. ವಾರವೆಲ್ಲ ಪವರ್‌ಲೂಮಿನಲ್ಲಿ ಸೀರೆ ನೇಯುವುದು, ಭಾನುವಾರ ರಸ್ತೆ ಬದಿಯಲ್ಲಿ ಹೊಗೆ ಕೋಳಿ ಮಾರುವುದು. ಇದು ಅಪ್ಪನ ಪ್ಲಾನು. "ಹಿಂದೂಪುರದಾಗೆ ಕಬಾಬ್ ಬಂಡಿ ಬೀದಿಗೆ ನಾಕವೆ. ಹೊಗೆ ಕೋಳಿ ಎಲ್ಲೈತೆ ತೋರ್ಸು ನೋಡನ?" ಎಂದು ಅಮ್ಮ ಶೋಭಾರಾಣಿಯನ್ನೂ ಒಪ್ಪಿಸಿದ್ದ.

ನೋಡಲು ಅದು ಥೇಟ್ ರೈಲಿನ ಹಳೇ ಇಂಜಿನ್ನು. ಮಲಗಿಸಿದ ಉದ್ದನೆಯ ಡ್ರಮ್ಮು, ಅದರ ಒಂದು ಪಕ್ಕಕ್ಕೆ ಅಂಟಿದ ಪುಟ್ಟ ಒಲೆಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಚಿಮಣಿ, ಕೆಳಗೆ ಎರಡು ಚಕ್ರ. ಸೌದೆ ಉರಿಯುವುದು ಪೆಟ್ಟಿಗೆಯಲ್ಲಿ. ಅದರ ಬಿಸಿ, ಹೊಗೆ ಎರಡೂ ಡ್ರಮ್ಮಿಗೆ ಹೋಗಿ, ಅಲ್ಲಿ ಮಲಗಿದ ಕೋಳಿಯನ್ನು ನಿಧಾನಕ್ಕೆ ಬೇಯಿಸಿ, ಚಿಮಣಿಯಿಂದ ಹೊರಗೆ ಹೋಗುತ್ತವೆ. ಗಾಳಿ ಒಳಗೆ ಬರಲು ಪೆಟ್ಟಿಗೆಗೊಂದು ಕಿಂಡಿ. ಕಿಂಡಿಗೊಂದು ತಗಡು, ಚಿಮಣಿಗೊಂದು ಟೋಪಿ.

ಆ ತಗಡು ಮತ್ತು ಟೋಪಿಯೇ ಕತೆಗೆ ಮೂಲ.

ಹದಿನೈದು ದಿನದ ಹಿಂದೆ, ಅಪ್ಪ ಬೆಂಕಿ ಹಚ್ಚಿ ಕೋಳಿ ತರಲು ಒಳಗೆ ಹೋಗಿದ್ದ. ಯಾರೂ ಇಲ್ಲದಾಗ ರಮ್ಯಾ ಡ್ರೈವರಾದಳು. "ಕೂ... ಚುಕ್ ಚುಕ್! ಚಿಲಮತ್ತೂರು ಬಿಡ್ತು! ಸೋಮಂದೇಪಲ್ಲಿ ಬಂತು!" ಅವಳ ರೈಲಿಗೆ ಹಳಿ ಬೇಕಿರಲಿಲ್ಲ. ಸ್ಟೇಷನ್ ಬಂದಾಗ ಇಂಜಿನ್ ನಿಲ್ಲಬೇಕಲ್ಲ? ಕಡ್ಡಿಯಿಂದ ಕಿಂಡಿಯ ತಗಡು ಪೂರ್ತಿ ಮುಚ್ಚಿದಳು. ಚಿಮಣಿಯ ಟೋಪಿಯನ್ನೂ ಮುಚ್ಚಿದಳು. ಅಷ್ಟರಲ್ಲಿ ಪಕ್ಕದ ಮನೆಯ ಪದ್ಮಲತಾ ಕುಂಟೆಬಿಲ್ಲೆಗೆ ಕರೆದಳು. ಇಂಜಿನ್ನನ್ನು ಸ್ಟೇಷನ್ನಿನಲ್ಲೇ ಬಿಟ್ಟು ಓಡಿದಳು.

ಸ್ವಲ್ಪ ಹೊತ್ತಿಗೆ ದಬ್ ಎಂದು ಸದ್ದು, ಹಿಂದೆಯೇ ಅಮ್ಮನ ಕಿರುಚಾಟ. ಅಪ್ಪ ಒಲೆಪೆಟ್ಟಿಗೆಯ ಬಾಗಿಲು ತೆಗೆದಿದ್ದ. ಉರಿ ಮುಖಕ್ಕೇ ಹಾರಿತ್ತು. ಕಣ್ಣು ಉಳಿದದ್ದೇ ಪುಣ್ಯ. ಎಡಗಡೆಯ ಹುಬ್ಬು ಪೂರ್ತಿ ಸುಟ್ಟುಹೋಗಿತ್ತು. ಆ ಗಡಿಬಿಡಿಯಲ್ಲಿ ಮುಚ್ಚಿದ್ದ ತಗಡು, ಟೋಪಿಯತ್ತ ಯಾರೂ ನೋಡಲಿಲ್ಲ.

"ಏನಣ್ಣಾ, ಹುಬ್ಬೂ ಆಫರ್‌ನಾಗೆ ಒಂದೇ ಬಂತಾ?" ಎಂದು ಬೀದಿಯವರು ನಕ್ಕರು. ಅಪ್ಪನೂ ನಕ್ಕ. ರಮ್ಯಾಗೆ ಮಾತ್ರ ನಗು ಬರಲಿಲ್ಲ. ಅಂದಿನಿಂದ ಯಾರಾದರೂ "ಬೆಂಕಿ" ಅಂದರೆ ಸಾಕು, ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ಹಾಗಾಗಿತ್ತು ಅವಳ ಪಾಡು. ಹೇಳಿದರೆ ಅಪ್ಪ ಏನು ಮಾಡುತ್ತಾನೆ? ಹೊಡೆಯುತ್ತಾನಾ? ಹೊಡೆದರೆ ಪರವಾಗಿಲ್ಲ. ಮಾತು ಬಿಟ್ಟರೆ?

ಈಗ ಇಂಜಿನ್ನಿನ ರಿಪೇರಿಗೆ ಕಲ್ಯಾಣದುರ್ಗದಿಂದ ಮಾವ ಬಂದಿದ್ದ. ಮಾವ ಅಮ್ಮನ ತಮ್ಮ, ಅಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಎರಡು ದಿನಕ್ಕೆ ಅಂಗಡಿ ಬಾಗಿಲು ಹಾಕಿಕೊಂಡು ಬಂದಿದ್ದ.

"ಬಾವ, ಅವತ್ತು ಕಿಂಡಿ ಎಷ್ಟು ತೆಗ್ದಿದ್ರಿ?" ಮಾವ ಕೇಳಿದ.

"ಪೂರ್ತಿ. ಚಿಮಣೀನೂ ಪೂರ್ತಿ ತೆಗ್ದೇ ಒಳಕ್ಕೋದೆ."

"ಅದೇ ಮತ್ತೆ! ಗಾಳಿ ಜಾಸ್ತಿ ಆಗಿ ಬೆಂಕಿ ಕೊಬ್ಬಿಬುಟ್ಟೈತೆ. ಏಂ ಪರ್ವಾಲೇದು, ಏನೂ ಆಗಲ್ಲ, ಸಂದೆಲ್ಲಾ ಮುಚ್ಚಿ, ಕಿಂಡೀನ ಎರಡು ಬೆರಳಷ್ಟು ಸಣ್ಣ ಮಾಡಿ ವೆಲ್ಡ್ ಮಾಡ್ಬುಡ್ತೀನಿ. ಚಿಮಣಿ ಟೋಪಿನೂ ಅರ್ಧಕ್ಕೆ ಕೂರುಸ್ತೀನಿ."

ರಮ್ಯಾ ಬಾಯಿ ತೆಗೆದಳು. ಅಪ್ಪ ಅವಳತ್ತ ತಿರುಗಿದ. ಅವನ ಒಂದೇ ಹುಬ್ಬು ಮೇಲೇರಿತು. "ಏನಮ್ಮ?"

"ಏನಿಲ್ಲ," ಅಂದಳು ರಮ್ಯಾ. ಬಾಯಿ ಮುಚ್ಚಿಕೊಂಡಿತು.

ರಾತ್ರಿಯೆಲ್ಲ ಅವಳು ಒಂದೇ ಲೆಕ್ಕ ಹಾಕಿದಳು. ಮಾವ ಹೇಳಿದಂತೆ ಗಾಳಿ ಜಾಸ್ತಿಯಾಗಿಯೇ ಬೆಂಕಿ ಹಾರುವುದಾದರೆ, ಮುಚ್ಚಿದ ತನ್ನದೇನೂ ತಪ್ಪಿಲ್ಲ. ಹೌದು, ಮಾವನಿಗೆ ಗೊತ್ತಿಲ್ಲದ್ದೇ? ಹಾಗೆಂದುಕೊಂಡರೂ ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

ಮರುದಿನ ಶನಿವಾರ. ಕೊನೇ ಪೀರಿಯಡ್ಡಿನಲ್ಲಿ ಅವಳು ಹೇಮಾವತಿ ಟೀಚರನ್ನು ಕೇಳಿಯೇಬಿಟ್ಟಳು. "ಟೀಚರ್, ಗಾಳಿ ಜಾಸ್ತಿ ಆದ್ರೆ ಬೆಂಕಿ ಮುಖಕ್ಕೆ ಹಾರುತ್ತಾ, ಕಮ್ಮಿ ಆದ್ರೆ ಹಾರುತ್ತಾ?"

ಜಾಸ್ತಿ ಅನ್ನಲಿ, ಜಾಸ್ತಿ ಅನ್ನಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

"ಇದೆಂಥಾ ಪ್ರಶ್ನೆಯೇ!" ಟೀಚರ್ ನಕ್ಕರು. ಬೀರುವಿನಿಂದ ಒಂದು ಮೋಂಬತ್ತಿ ತೆಗೆದು ಹಚ್ಚಿದರು. ಉಫ್ ಎಂದು ಊದಿ ಆರಿಸಿದರು. ಬತ್ತಿಯಿಂದ ಬಿಳೀ ಹೊಗೆ ದಾರದಂತೆ ಮೇಲೆದ್ದಿತು. ಟೀಚರ್ ಉರಿಯುವ ಕಡ್ಡಿಯನ್ನು ಬತ್ತಿಗೆ ಮುಟ್ಟಿಸಲೇ ಇಲ್ಲ. ಮೇಲೆ ಹೊಗೆಗೆ ಹಿಡಿದರು, ಅಷ್ಟೆ. ಉರಿ ಪಟ್ಟನೆ ಹೊಗೆಯ ಗುಂಟ ಕೆಳಕ್ಕೆ ಜಿಗಿದು ಬತ್ತಿ ಹತ್ತಿಕೊಂಡಿತು!

ಮಕ್ಕಳೆಲ್ಲ ಹೋ ಎಂದರು.

"ನೋಡಿದ್ರಾ? ಸರಿಯಾಗಿ ಸುಡದೆ ಉಳಿದಿದ್ದೇ ಈ ದಟ್ಟ ಹೊಗೆ. ಗಾಳಿ ಸಿಗದೆ ಬೆಂಕಿ ಅರೆಜೀವ ಆದ್ರೆ ಇಂಥಾ ಹೊಗೆ ಒಳಗೇ ತುಂಬ್ಕೊಳ್ಳುತ್ತೆ. ಆಮೇಲೆ ಯಾರಾದ್ರೂ ಬಾಗಿಲು ತೆಗೆದು ಒಮ್ಮೆಗೇ ಗಾಳಿ ಕೊಟ್ರೋ..."

ರಮ್ಯಾಗೆ ಮುಂದಿನದು ಕೇಳಿಸಲಿಲ್ಲ. ಮುಚ್ಚಿದ್ದರಿಂದಲೇ ಹಾರಿದ್ದು. ಮಾವ ಇವತ್ತು ಅದನ್ನೇ ಮುಚ್ಚಿ ವೆಲ್ಡ್ ಮಾಡುತ್ತಿದ್ದಾನೆ. ಸಂಜೆ ಟ್ರಯಲ್ಲು ಅಂದಿದ್ದ ಅಪ್ಪ.

ಬೆಲ್ಲು ಹೊಡೆದದ್ದೇ ತಡ, ಅವಳು ಓಡಿದಳು. ಬ್ಯಾಗು ಬೆನ್ನಿಗೆ ಗುದ್ದುತ್ತಿತ್ತು. ಹಾದಿಯಲ್ಲಿ ಪದ್ಮಲತಾ ಕೂಗಿದ್ದಕ್ಕೂ ನಿಲ್ಲಲಿಲ್ಲ. ಹೇಳಬೇಕು. ಹೇಳಿದರೆ ಎಲ್ಲ ಗೊತ್ತಾಗಿಬಿಡುತ್ತೆ. ಹೇಳದಿದ್ದರೆ ಅಪ್ಪನ ಮುಖ! ಅಯ್ಯೋ, ಇನ್ನೂ ಹಚ್ಚಿರದೇ ಇರಲಿ.

ಬೀದಿಯ ತಿರುವಿನಲ್ಲೇ ಅವಳಿಗೆ ಹೊಗೆ ಕಂಡಿತು. ಅವರ ಹಿತ್ತಲಿನ ಮೇಲೆ ದಪ್ಪನೆಯ ಬಿಳೀ ಹೊಗೆ ಹೊರಳುತ್ತಿತ್ತು.

ಹಿತ್ತಲಿಗೆ ನುಗ್ಗಿದಾಗ ಮಾವ ಇಂಜಿನ್ನಿನ ಬಿಸಿ ತೋರಿಸುವ ಮೀಟರು ತಟ್ಟುತ್ತ ನಿಂತಿದ್ದ. ಮುಚ್ಚಳದ ಅಂಚಿಗೆಲ್ಲ ಬಾಯ್ಲರ್ ಬಾಗಿಲಿಗೆ ಹಾಕುವ ದಪ್ಪ ಹಗ್ಗ ಅಂಟಿಸಿದ್ದ. ಒಂದು ಸಂದೂ ಉಳಿದಿರಲಿಲ್ಲ. ಕಿಂಡಿಗೆ ಹೊಸ ಪಟ್ಟಿ ವೆಲ್ಡಾಗಿತ್ತು.

"ಮುಳ್ಳು ಇಳೀತಾನೇ ಐತಲ್ಲ ಬಾವ. ಬೆಂಕಿ ಆರೋಯ್ತೇನೋ."

"ಇರು, ಬಾಗ್ಲು ತೆಗ್ದು ಒಂದು ಸೌದೆ ಹಾಕ್ತೀನಿ," ಎನ್ನುತ್ತ ಅಪ್ಪ ಒದ್ದೆ ಗೋಣಿಪಟ್ಟೆ ಕೈಗೆ ಸುತ್ತಿಕೊಂಡು ಒಲೆಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ತಗೀಬ್ಯಾಡಪ್ಪಾ!" ರಮ್ಯಾ ಕಿರುಚಿದಳು. "ಹಾರ್ತೈತೆ!"

ಅಪ್ಪ ತಿರುಗಿ ನೋಡಿ ನಕ್ಕ. "ಹೆದ್ರಬ್ಯಾಡ ಕಣಮ್ಮ. ಈಗ ಗಾಳಿ ಕಮ್ಮಿ ಮಾಡಿದೀವಿ. ಇನ್ನೆಲ್ಲಿ ಹಾರ್ತದೆ?" ಎಂದು ಮತ್ತೆ ಹಿಡಿಗೆ ಕೈ ಚಾಚಿದ.

ಇನ್ನು ಸುಮ್ಮನೆ ಕೂಗಿದರೆ ಅಪ್ಪ ಕೇಳುವುದಿಲ್ಲ. ಇನ್ನು ಉಳಿದದ್ದು ಒಂದೇ ಮಾತು.

"ಅವತ್ತು ಮುಚ್ಚಿದ್ದು ನಾನೇ ಅಪ್ಪ! ಕಿಂಡೀನೂ, ಚಿಮಣೀನೂ! ಆಟ ಆಡ್ತಾ ಎರಡೂ ಮುಚ್ಚಿದ್ದೆ! ಗಾಳಿ ಇಲ್ದೇನೇ ಹಾರಿದ್ದು!"

ಅಪ್ಪನ ಕೈ ಹಿಡಿಯ ಹತ್ತಿರವೇ ನಿಂತಿತು. ಕೋಳಿಯ ತಟ್ಟೆ ಹಿಡಿದಿದ್ದ ಅಮ್ಮ ಹಾಗೇ ನಿಂತಳು. ಮಾವ ಬಿಳೀ ಹೊಗೆಯನ್ನು ನೋಡಿದ, ರಮ್ಯಾಳನ್ನು ನೋಡಿದ, ತಾನೇ ವೆಲ್ಡ್ ಮಾಡಿದ ಪಟ್ಟಿಯನ್ನು ನೋಡಿದ.

"ಬಾವ," ಅಂದ ಮೆಲ್ಲಗೆ. "ಎದ್ದು ಈ ಕಡೀಕೆ ಬನ್ನಿ. ಬಾಗ್ಲು ಮುಟ್ಬ್ಯಾಡಿ."

ಮಾವ ಎಲ್ಲರನ್ನೂ ಗೋಡೆಯ ಹತ್ತಿರಕ್ಕೆ ಕಳಿಸಿದ. ಉದ್ದನೆಯ ಪೈಪು ತಂದು, ಮೊದಲು ಚಿಮಣಿಯ ಟೋಪಿ ಎಬ್ಬಿಸಿದ. ಆಮೇಲೆ ಪೆಟ್ಟಿಗೆಯ ಪಕ್ಕಕ್ಕೆ ನಿಂತು, ದೂರದಿಂದಲೇ ಪೈಪಿನ ತುದಿಯಿಂದ ಬಾಗಿಲನ್ನು ಒಂದು ಬೆರಳಿನಷ್ಟು ಸರಿಸಿದ.

ಒಂದು ಕ್ಷಣ ಏನೂ ಆಗಲಿಲ್ಲ.

ದಬ್!

ಮೊಳದುದ್ದದ ಉರಿ ಸಂದಿನಿಂದ ಹೊರಕ್ಕೆ ಚಿಮ್ಮಿತು. ಸರಿಯಾಗಿ ಅಪ್ಪನ ಮುಖ ಇದ್ದ ಜಾಗಕ್ಕೇ. ಅಪ್ಪ ಬಿಟ್ಟುಬಂದ ಗೋಣಿಪಟ್ಟೆ ಒದ್ದೆಯಾಗಿದ್ದರೂ ಚುರ್ ಎಂದು ಅಂಚು ಕಪ್ಪಾಯಿತು.

ಅಮ್ಮ ತಟ್ಟೆಯನ್ನು ಗೋಡೆಯ ಬುಡದಲ್ಲಿಟ್ಟಳು. ರಮ್ಯಾ ಅಳಲೂ ಆಗದೆ ಗೋಡೆಗೆ ಒತ್ತಿಕೊಂಡು, ಬೀಳಲಿರುವ ಏಟಿಗೆ ಕಾಯುತ್ತ ನಿಂತಳು.

ಏಟು ಬೀಳಲಿಲ್ಲ. ಅಪ್ಪ ಅವಳ ಮುಂದೆ ನೆಲದ ಮೇಲೇ ಕೂತುಬಿಟ್ಟ.

"ಹದಿನೈದು ದಿನ ಇದನ್ನ ಹೊಟ್ಟೇಲಿಕ್ಕಂಡಿದ್ಯಾ?"

ರಮ್ಯಾ ತಲೆ ಆಡಿಸಿದಳು.

"ಮೊದ್ಲೇ ಬಾಯಿ ಬಿಡಕ್ಕೇನಾಗಿತ್ತೇ ನಿಂಗೆ?" ಅಜ್ಜಿ ಬಾಗಿಲಿಂದ ಗದರಿದರು.

"ಭಯ ಆಯ್ತು."

ಅಪ್ಪ ಎಡಗಡೆಯ ಹುಬ್ಬಿನ ಜಾಗ ಸವರಿಕೊಂಡ. "ನಂಗೂ ಆಗ್ತಿತ್ತು ಕಣಮ್ಮ. ಈಗ ಹಿಡಿಗೆ ಕೈ ಹಾಕುವಾಗ್ಲೂ ನಾನು ಕಣ್ಣು ಮುಚ್ಕಂಡಿದ್ದೆ. ಕಣ್ಣು ಬಿಟ್ಟು ನೋಡಿದ್ರೆ ಆ ಹೊಗೇನಾದ್ರೂ ಕಾಣ್ತಿತ್ತು."

ರಮ್ಯಾ ಅಪ್ಪನನ್ನು ನೋಡಿದಳು. ಬೀದಿಯವರ ಜತೆ ಸೇರಿ ತಾನೂ ನಗುತ್ತಿದ್ದ ಅಪ್ಪ ಇವನೇನಾ ಅನ್ನಿಸಿತು. ಆಗ ಅವಳಿಗೆ ಅಳು ಬಂತು. ಅಪ್ಪ ಸುಮ್ಮನೆ ಹತ್ತಿರ ಎಳೆದುಕೊಂಡ. ಅವನ ಷರ್ಟಿನ ತುಂಬ ಹೊಗೆ ವಾಸನೆಯಿತ್ತು.

ಮಾವ ಮಾತ್ರ ಆಗಲೇ ಗ್ರೈಂಡರ್ ಹುಡುಕುತ್ತಿದ್ದ. "ಅಳೋದು ಆಮೇಲೆ. ಇಲ್ಲಿ ಬಾರಮ್ಮ ರಮ್ಯಾ. ಅವತ್ತು ತಗಡು ಎಲ್ಲಿ ತನ್ಕ ಮುಚ್ಚಿದ್ದೆ, ಸರಿಯಾಗಿ ತೋರ್ಸು. ಎಷ್ಟೊತ್ತು ಮುಚ್ಚಿತ್ತು? ಹೊಗೆ ಯಾವ ಬಣ್ಣ ಇತ್ತು?"

ರಮ್ಯಾ ಮೂಗು ಒರೆಸಿಕೊಳ್ಳುತ್ತ ಒಂದೊಂದೇ ಹೇಳಿದಳು. ಮಾವ ಒಂದು ಸಲವೂ ಬೈಯಲಿಲ್ಲ. ಲಾಯರಂತೆ ಕೇಳಿದ್ದನ್ನೇ ಎರಡೆರಡು ಸಲ ಕೇಳಿದ. ಕೊನೆಗೆ, "ಇಷ್ಟು ನೆನ್ನೇನೇ ಗೊತ್ತಿದ್ರೆ ನನ್ನ ಅರ್ಧ ದಿನ ಉಳೀತಿತ್ತು," ಎಂದು ಗೊಣಗಿ ಪಟ್ಟಿಯನ್ನು ಕತ್ತರಿಸಿ ಎಸೆದ. ಚಿಮಣಿಯ ಟೋಪಿಯನ್ನು ಕಿತ್ತೇ ಹಾಕಿದ. ಕಿಂಡಿಗೆ ಎಷ್ಟು ಎಳೆದರೂ ಪೂರ್ತಿ ಮುಚ್ಚದ ಹೊಸ ತಗಡು ಕೂರಿಸಿದ. ಉರಿ ನೇರವಾಗಿ ಕೋಳಿಗೆ ತಾಗದಂತೆ ಒಳಗೊಂದು ಕಬ್ಬಿಣದ ಹಲಗೆಯನ್ನು ಓರೆಯಾಗಿ ಇಟ್ಟು, ಬಿಸಿ ಹಿಡಿದಿಟ್ಟುಕೊಳ್ಳಲೆಂದು ಡ್ರಮ್ಮಿನ ತಳಕ್ಕೆ ನಾಲ್ಕು ಇಟ್ಟಿಗೆ ಜೋಡಿಸಿದ.

ಮೊದಲೇ ಒಳಗಿಟ್ಟಿದ್ದ ಒಂದು ಕೋಳಿ ಆ ಬಿಳೀ ಹೊಗೆಯಲ್ಲಿ ಕೂತು ವಿಷದಷ್ಟು ಕಹಿಯಾಗಿತ್ತು. ಬೀದಿ ನಾಯಿಗೆ ಹಾಕಿದರೆ, ಅದು ಎರಡು ಸಲ ಮೂಸಿ, ಅಮ್ಮನ ಮುಖ ನೋಡಿ ಹೊರಟುಹೋಯಿತು.

ಭಾನುವಾರ ಬೆಳಿಗ್ಗೆ ಮತ್ತೆ ಬೆಂಕಿ ಹಚ್ಚಿದರು. ಮೀಟರಿನ ಮುಳ್ಳು ನೂರಿಪ್ಪತ್ತು ಡಿಗ್ರಿಗೆ ಬಂದು ಅಲ್ಲೇ ನಿಂತಿತು. ಅಮ್ಮ ಮಸಾಲೆ ಸವರಿದ ನಾಲ್ಕು ಕೋಳಿಗಳು ಒಳಗೆ ಮಲಗಿದವು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿದ್ದ ಮಾವ ಬ್ಯಾಗು ಕಟ್ಟಿಟ್ಟುಕೊಂಡು ಕಟ್ಟೆಯ ಮೇಲೆ ಕೂತ.

ಒಂದು ಗಂಟೆಯಾದ ಮೇಲೆ ಮುಳ್ಳು ಚೂರು ಇಳಿಯಿತು. ಸೌದೆ ಹಾಕುವ ಹೊತ್ತು. ಬಾಗಿಲು ತೆಗೆಯುವ ಹೊತ್ತು.

ರಮ್ಯಾ ಬಾವಿಕಟ್ಟೆಯ ಹಿಂದೆ ನಿಂತಿದ್ದಳು. ಒಳಕ್ಕೆ ಓಡಿಹೋಗಲಾ ಅನ್ನಿಸಿತು.

ಅಪ್ಪ ಗೋಣಿಪಟ್ಟೆ ಕೈಗೆ ಸುತ್ತಿಕೊಂಡ. ಆದರೆ ಹಿಡಿಯನ್ನು ಮುಟ್ಟಲಿಲ್ಲ. ತಿರುಗಿ ಅವಳನ್ನು ನೋಡಿದ.

"ರಮ್ಯಾ, ತಗೀಲಾ?"

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಮಾವನೂ ಅವಳನ್ನೇ ನೋಡುತ್ತಿದ್ದ. ಅಜ್ಜಿ ಕೂಡ ಅಪರೂಪಕ್ಕೆ ಬಾಯಿ ಮುಚ್ಚಿಕೊಂಡಿದ್ದರು.

ರಮ್ಯಾ ಬಾವಿಕಟ್ಟೆಯ ಹಿಂದಿನಿಂದ ಹೊರಗೆ ಬಂದಳು. ಮೊದಲು ಚಿಮಣಿ ನೋಡಿದಳು. ತೆಳ್ಳನೆಯ ಹೊಗೆ, ಅದರ ಆಚೆ ಪದ್ಮಲತಾ ಮನೆಯ ಹಂಚು ಒಂದೊಂದಾಗಿ ಕಾಣುತ್ತಿತ್ತು. ಬಗ್ಗಿ ಕಿಂಡಿ ನೋಡಿದಳು. ಒಳಗೆ ಉರಿ ಕೆಂಪಗೆ ಆಡುತ್ತಿತ್ತು. ಇನ್ನೊಂದು ಸಲ ಚಿಮಣಿ ನೋಡಿದಳು. ಯಾರೂ ಅವಸರ ಮಾಡಲಿಲ್ಲ.

"ಎದುರಿಗೆ ಬ್ಯಾಡಪ್ಪ. ಪಕ್ಕಕ್ಕೆ ನಿಂತ್ಕ. ಇನ್ನೂ ಸ್ವಲ್ಪ."

ಅಪ್ಪ ಪಕ್ಕಕ್ಕೆ ಸರಿದ. ಅವಳು ಹೇಳಿದಷ್ಟೇ ಸರಿದ.

"ಕಣ್ಣು ಬಿಟ್ಕಂಡಿದ್ದೀಯಾ?"

"ಬಿಟ್ಕಂಡಿದೀನಿ ಕಣಮ್ಮ."

ಅವಳೂ ಕಣ್ಣು ಮುಚ್ಚಲಿಲ್ಲ.

"ಹೂಂ," ಅಂದಳು. "ಈಗ ತಗಿ."