ಪಟದಿಂದ ಎದ್ದುಹೋದ ರಾವಣ

೧೯೩೪ರ ಮಾರ್ಚ್ ಹನ್ನೆರಡು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ನೇಕಾರರ ಭಜನೆ ಮಠದ ಯಜಮಾನ ಪಳನಿಯಪ್ಪನ್ ಏದುಸಿರು ಬಿಡುತ್ತ ಸೇಲಂ ಠಾಣೆಗೆ ಬಂದರು. ಮಠದ ಗೋಡೆಗೆ ತೂಗುಹಾಕಿದ್ದ ಬಟ್ಟೆಯ ಪಟದಲ್ಲಿ, ಸನ್ಯಾಸಿ ವೇಷ ಹಾಕಿ ಸೀತೆಯ ಮುಂದೆ ಭಿಕ್ಷೆಗೆ ನಿಂತ ರಾವಣನ ಮುಖವೇ ಮಾಯ.

"ರಾವಣ ಎದ್ದೋಗವ್ನೆ ಅಂತ ಬೀದಿಯೆಲ್ಲಾ ನಡುಗ್ತೈತೆ ಸಾಮಿ."

ಇನ್ಸ್‌ಪೆಕ್ಟರ್ ಕುಪ್ಪಸ್ವಾಮಿ ಎಫ್‌ಐಆರ್ ಬರೆಸಿ, ಹೆಡ್ ಕಾನ್‌ಸ್ಟೇಬಲ್ ಮಲ್ಲಪ್ಪನೊಂದಿಗೆ ಹೊರಟರು. ಮಲ್ಲಪ್ಪ ಅದೇ ಬೀದಿಯ ನೇಕಾರರ ಮನೆಯವನು. ಹಾಡಹಗಲೇ ಬಾಗಿಲುಗಳು ಮುಚ್ಚಿದ್ದವು, ಮಗ್ಗಗಳು ನಿಂತಿದ್ದವು. ಕಾವಿಯವರು ಯಾರು ಬಂದರೂ ಅಗುಳಿ ತೆಗೆಯಬೇಡ ಎಂದು ಅವನೂ ದಾರಿಯಲ್ಲೇ ತನ್ನ ಹೆಂಡತಿಗೆ ಕೂಗಿ ಹೇಳಿದ. ಪೊಲೀಸ್ ಟೋಪಿ ಹಾಕಿದ ಮಾತ್ರಕ್ಕೆ ಹೆದರಿಕೆ ಬಿಟ್ಟೀತೇ?

ಮಹಜರು ಬರೆಯುವಾಗ ಅವನು ಪಟವನ್ನು ಮುಟ್ಟಿ ನೋಡಿದ. ಒಂದೇ ಎಳೆ ಹಿಡಿದು ನೇರವಾಗಿ ಕತ್ತರಿಸಿದ್ದರು. ಉಳಿದ ಬಟ್ಟೆ ಬಿಚ್ಚಿಹೋಗದಂತೆ ಅಂಚಿನ ಎಳೆಗಳನ್ನು ಬೂದಿ ಮುಟ್ಟಿಸಿ ಹೊಸೆದಿದ್ದರು. ಮಲ್ಲಪ್ಪನಿಗೆ ಗುರುತು ಸಿಕ್ಕಿತು. ಮಗ್ಗದ ಹಳೆಯ ಎಳೆಗೆ ಹೊಸ ಎಳೆ ಕೂಡಿಸುವವರ ಕೈಯಿದು! ಕದಿಯಲು ಬಂದರೂ ಬಟ್ಟೆ ಹಾಳಾಗುವುದನ್ನು ಆ ಕೈ ಸಹಿಸಿರಲಿಲ್ಲ.

ಬೀದಿಯಲ್ಲಿ ಆ ಕೆಲಸದವರು ಇಬ್ಬರೇ, ಅಂಜಮ್ಮ ಮತ್ತು ಚೆಲ್ಲಮ್ಮ. ಅಂಜಮ್ಮ ಮನೆಯಲ್ಲಿದ್ದಳು.

"ಚೆಲ್ಲಮ್ಮ ಎಲ್ಲಿ?" ಕುಪ್ಪಸ್ವಾಮಿ ಕೇಳಿದರು.

"ಬೆಳಿಗ್ಗೆನೇ ಪೆನ್ನಾಗರಂ ಬಸ್ ಅತ್ತಿದ್ಳು ಸಾಮಿ. ಅವ್ಳ ಮಗಳು ರಾಜಾತಿ ಮಠದಾಗಿದ್ದ ಕಾವಿ ಸಾಮಿಯಾರ್ ಜತೆ ಓಡೋದ್ಲಲ್ಲ. ಪಟ ಬರೆದವ್ನು ಅವ್ನನ್ನೇ ಕೂರಿಸ್ಕೊಂಡು ರಾವಣನ ಮೊಕ ಬರೆದಿದ್ದ."

ಮೂರು ವಾರದ ಹಿಂದೆ ಚೆಲ್ಲಮ್ಮ ಅಳುತ್ತ ಠಾಣೆಗೆ ಬಂದಿದ್ದು ಮಲ್ಲಪ್ಪನಿಗೆ ನೆನಪಾಯಿತು.

ಬುಧವಾರ ಹನ್ನೊಂದು ಗಂಟೆಗೆ ಅವಳು ಪೆನ್ನಾಗರಂ ಆಚೆ, ಕಾವೇರಿಯ ಹೊಗೆನಕಲ್ ದಂಡೆಯಲ್ಲಿ ಸಿಕ್ಕಳು. ರಾವಣನ ಮುಖವನ್ನು ಹರಿಗೋಲಿನ ಬೈರಪ್ಪನೆದುರು ಹಿಡಿದಿದ್ದಳು.

"ಇವ್ನಾ? ಆಚೆ ದಡಕ್ಕೆ ದಾಟಿಸ್ದೆ ತಾಯಿ," ಎಂದ ಬೈರಪ್ಪ. "ಮೂರು ವಾರ ಆತು."

"ಜತೆಗೆ ಉಡುಗಿ?"

"ಇಲ್ಲ. ಒಬ್ನೇ ಇದ್ದ."

ಚೆಲ್ಲಮ್ಮ ಬಂಡೆಯ ಮೇಲೆ ಕುಸಿದಳು. ಕುಪ್ಪಸ್ವಾಮಿ ಅವಳನ್ನು ಬಂಧಿಸಿ, ಪಟ ಯಾಕೆ ಕತ್ತರಿಸಿದೆ ಎಂದು ಕೇಳಿದರು. ಅವಳು ನೋಡಿದ್ದು ಮಲ್ಲಪ್ಪನನ್ನು.

"ಅವ್ನ ಮೊಕ ಎಂಗೈತೆ ಅಂತ ನೀನೇ ಕೇಳ್ದೆಯಲ್ಲಣ್ಣಾ. ಅಳ್ತಾ ಬಾಯ್ಬಿಟ್ಟು ಏಳಕ್ಕೆ ಬರ್ಲಿಲ್ಲ. ಮೊಕ ಗೊತ್ತಿಲ್ದೆ ಎಂಗುಡುಕೋದು, ಓಗು ಅಂದೆ. ಅದ್ಕೇ ಮೊಕ ತಂದೆ."

ಅಂದು ಬರೆಯದೆ ಬಿಟ್ಟ ದೂರನ್ನು ಮಲ್ಲಪ್ಪ ಅಲ್ಲೇ ಬಂಡೆಯ ಮೇಲೆ ಕೂತು ಬರೆಯತೊಡಗಿದ. ಕಾಣೆಯಾದವಳು ರಾಜಾತಿ, ವಯಸ್ಸು ಹದಿನಾರು. ಜೊತೆಗಿದ್ದವನ ಚಹರೆಗೆ ಬಂದಾಗ ಪಟದ ತುಂಡನ್ನು ಮಂಡಿಯ ಮೇಲೆ ಹರವಿಕೊಂಡ. ಅದನ್ನು ನೋಡಿ ನೋಡಿ ಹಣೆ, ಮೂಗು, ಗಡ್ಡ ಎಂದು ಒಂದೊಂದೇ ಗುರುತು ಬರೆದ.