ಹಲಸಿನ ಮೇಣ

“ಯಾರ ಗಾಡಿ?” ಎಂದು ತಲೆ ಎತ್ತಿದ ಮಾಜ್‌ನ ಕೈಯಿಂದ ಸ್ಪ್ಯಾನರ್ ಜಾರಿತು.

ಯಲ್ಲಾಪುರದ ಅವನ ಗ್ಯಾರೇಜಿನೆದುರು ನಗ್ಮಾ ನಿಂತಿದ್ದಳು... ಆರು ವರ್ಷಗಳ ನಂತರ!

“ಅಬ್ಬಾಂದು. ತೀರಿಕೊಳ್ಳೋ ಮುಂಚೆ, ‘ಮಾಜ್‌ಗೇ ತೋರ್ಸು’ ಅಂದಿದ್ರು.”

“ಜನಾಜಾ ನಮಾಜಲ್ಲಿ ಕೊನೇ ಸಾಲಲ್ಲಿ ನಿಂತಿದ್ದೆ,” ಎಂದ ಮೆಲ್ಲಗೆ.

ನಗ್ಮಾಳ ಅಬ್ಬಾ ದಾದಾಸಾಬರು ರೇಸಿಗೆ ಓಡಿಸುತ್ತಿದ್ದ ಹಳೆಯ ಟೂ-ಸ್ಟ್ರೋಕ್ ಬೈಕ್ ಅದು. ಮಾಜ್ ಅದರ ಕಾರ್ಬೊರೇಟರ್ ಸರಿಮಾಡಿ ಕೊಟ್ಟ ಮರುದಿನವೇ, ಮನೆ ಹತ್ತಿರದ ಅರಬೈಲ್ ಘಟ್ಟದ ತಿರುವಿನಲ್ಲಿ ಎಂಜಿನ್ ಥಟ್ಟನೆ ನಿಂತು ಅವರು ಬಿದ್ದಿದ್ದರು. ಮತ್ತೆಂದೂ ಸರಿಯಾಗಿ ನಡೆಯಲಿಲ್ಲ.

“ಅಬ್ಬಾನ ಕಾಲು ಮುರಿದ ಕೈಗೆ ನನ್ನ ಕೈ ಕೊಡೋದಿಲ್ಲ!” ಎಂದು ನಗ್ಮಾ ನಿಶ್ಚಯವಾಗಿದ್ದ ನಿಕಾಹ್ ಮುರಿದಿದ್ದಳು.

“ಸ್ಟಾರ್ಟ್ ಆಗ್ತದೆ. ಎರಡು ಕಿಲೋಮೀಟರ್ ಹೋಗಿ ನಿಲ್ತದೆ,” ಎಂದಳು.

ಮಾಜ್ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲ್ ಹಾಯುವ ಜೆಟ್ಟನ್ನು ಬೆಳಕಿಗೆ ಹಿಡಿದ. ಸ್ವಚ್ಛವಾಗಿತ್ತು. ಕಟ್ಟಿದ. ಮತ್ತೆ ಬಿಚ್ಚಿದ.

“ಎಷ್ಟು ಸಲ ನೋಡ್ತೀರಿ?”

“ಆವತ್ತಿಂದ ಎಲ್ಲಾನೂ ಮೂರು ಸಲ. ‘ತಸ್ಬೀಹ್ ಮಣಿ ಎಣಿಸ್ತಾನೆ’ ಅಂತ ಗಿರಾಕಿಗಳು ನಗ್ತಾರೆ.”

ನಗ್ಮಾಳಿಗೆ ನಗು ಬರಲಿಲ್ಲ.

ಅವನು ಟ್ಯಾಂಕಿನ ಪೈಪನ್ನು ಬಾಟಲಿಗೆ ಬಿಟ್ಟ. ಪೆಟ್ರೋಲ್ ಸುರಿಯಿತು, ಸಣ್ಣದಾಯಿತು, ನಿಂತಿತು. ಟ್ಯಾಂಕಿನ ಮುಚ್ಚಳ ತೆಗೆದೊಡನೆ ಸುಯ್ಯೆಂದು ಗಾಳಿ ಒಳಹೋಯಿತು... ಪೆಟ್ರೋಲ್ ಮತ್ತೆ ಧಾರೆಯಾಯಿತು!

“ಗಾಳಿ ಒಳಗೆ ಹೋಗದೆ ಪೆಟ್ರೋಲ್ ಇಳಿಯೋದಿಲ್ಲ. ಅದಕ್ಕೇ ಮುಚ್ಚಳದಲ್ಲಿ ತೂತು ಇರ್ತದೆ...” ಉಗುರಿನಿಂದ ಕೆರೆದ. “ಇದೆಂತ? ಹಲಸಿನ ಮೇಣ!”

ನಗ್ಮಾ ಆ ಮುಚ್ಚಳವನ್ನೇ ದಿಟ್ಟಿಸಿದಳು.

ಬೈಕು ಪಡಸಾಲೆಯಲ್ಲೇ ನಿಲ್ಲುತ್ತಿತ್ತು. ನಮಾಜಿಗೆ ನಿಂತರೆ ಪೆಟ್ರೋಲ್ ವಾಸನೆ... ಸೋರುವ ಕೊಡಕ್ಕೆ ಹಚ್ಚುವಂತೆ ಮೇಣ ಕಾಯಿಸಿ ಆ ತೂತು ಮುಚ್ಚಿದವಳು ತಾನೇ! ಅಬ್ಬಾ ಬೀಳುವ ಹಿಂದಿನ ಸಂಜೆ!

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ಅಲ್ಲಾಹನಿಗೆ?

“ಮಾಜ್... ಹಚ್ಚಿದ್ದು ನಾನು.”

ಎಲ್ಲವನ್ನೂ ಹೇಳಿದಳು. ಅವನು ತನ್ನ ಎರಡೂ ಅಂಗೈಗಳನ್ನು ತಿರುವಿ ನೋಡಿಕೊಂಡ.

“ಹಾಗಾದ್ರೆ... ಈ ಕೈ ಅಲ್ವಾ?”

ಆ ಪ್ರಶ್ನೆಗೆ ನಗ್ಮಾ ಕುಸಿದು ಕುಳಿತಳು. “ಅಲ್ಲ! ಆರು ವರ್ಷ ನಿಮ್ಮ ಮೇಲೆ ಹೊರಿಸಿದೆ. ಅಬ್ಬಾನ ಹತ್ರ ಮಾಫಿ ಕೇಳೋಣ ಅಂದ್ರೆ ಅವರೂ ಇಲ್ಲ...”

“ದಾದಾಸಾಬ್ ಚಾಚಾ ಪ್ರತಿ ಹಬ್ಬಕ್ಕೂ ನಂಗೆ ಫೋನ್ ಮಾಡ್ತಿದ್ರು. ‘ಮದುವೆ ಆದ್ಯೇನೋ?’ ಅಂತ.”

“ನೀವೇನಂತಿದ್ರಿ?”

“‘ಗಾಡಿ ಇನ್ನೂ ಬಂದಿಲ್ಲ ಚಾಚಾ’ ಅಂತಿದ್ದೆ.”

ನಗ್ಮಾ ಎದ್ದು ಅವನೆದುರು ಬಂದು ನಿಂತಳು.

“ಆವತ್ತು ಕೊಡಲ್ಲ ಅಂದ ಕೈ... ಈಗ ಕೊಟ್ರೆ ತಗೋತೀರಾ?”

ಮಾಜ್ ಸೂಜಿಯಿಂದ ಮೇಣ ಬಿಡಿಸಿ, ತೂತಿಗೆ ಬಾಯಿಟ್ಟು ಊದಿದ. ಅವನ ಕಣ್ಣು ತುಂಬಿತ್ತು.

“ಮೊದಲು ಚಾಚಾನ ಕಬರಿಗೆ ಹೋಗಿ ‘ಗಾಡಿ ಬಂತು’ ಅಂತ ಇಬ್ಬರೂ ಹೇಳೋಣ, ಬಾ ನಗ್ಮಾ. ಗಾಡಿ ಈಗ ಬೇಕಾದ್ರೆ ಶಿರಸಿವರೆಗೂ ನಿಲ್ಲೋದಿಲ್ಲ.”