ಚಿಮಣಿಯೊಳಗಿನ ಪುಟ್ಟ ಬೂಟು

"ಅದು ಇದ್ದಲ್ಲೇ ಇರಲಿ ತಮ್ಮಾ, ಮುಟ್ಟಬೇಡ," ಎಂದಳು ಪಕ್ಕದ ಮನೆಯ ಮುದುಕಿ ಮಿಸೆಸ್ ಥರ್ಲೋ. ಲೆನರ್ಡ್ ನಕ್ಕ.

ಸಫೋಕ್‌ನ ಆ ಹಳ್ಳಿಯ ಹಳೆಯ ಪಬ್ಬನ್ನು ಅವನು ಕೊಂಡು ಮೂರು ವಾರವಾಗಿತ್ತು. ಪಬ್ಬಿಗೂ ಅದಕ್ಕಂಟಿದ ಎರಡು ಪುಟ್ಟ ಮನೆಗಳಿಗೂ ಒಂದೇ ಹುಲ್ಲುಮಾಡು, ಒಂದೇ ಓಕ್ ತೊಲೆ, ನಡುವೆ ಒಂದೇ ದಪ್ಪ ಚಿಮಣಿ. ಒಂದು ಮನೆಯಲ್ಲಿ ಮುದುಕಿ. ಇನ್ನೊಂದರಲ್ಲಿ ಲೆನರ್ಡ್ ಮತ್ತು ತಾಯಿಯಿಲ್ಲದ ಆರು ವರ್ಷದ ಮಗಳು ಐವಿ. ಪಬ್ಬಿನ ಅಗ್ಗಿಷ್ಟಿಕೆ ಅಗಲ ಮಾಡಲು ಇಟ್ಟಿಗೆ ಕಿತ್ತಾಗ, ಮಸಿಯೊಳಗೆ ಮಗುವಿನ ಸವೆದ ಬೂಟೊಂದು ಸಿಕ್ಕಿತ್ತು.

"ಈ ಪಬ್ಬು ಕಟ್ಟಿದೋನ ಮೇಲೆ ಯಾರೋ ಮಾಟ ಮಾಡಿಸಿದ್ರು. ಆ ಮಾಟದ ಪೀಡೆ ಚಿಮಣಿಯಿಂದ ಇಳಿಯುತ್ತೆ, ಅದಕ್ಕೆ ಮಗು ಬೇಕು. ಬೂಟು ಮೂಸಿ, ಇದೇ ಮಗು ಅಂದ್ಕೊಂಡು ಅಲ್ಲೇ ಕೂತಿರುತ್ತೆ."

"ಪಾಪ, ಅದಕ್ಕೂ ಒಂದು ಗ್ಲಾಸ್ ಬಿಯರ್ ಕೊಡೋಣ ಬಿಡಿ!"

ಲೆನರ್ಡ್ ಬೂಟಿನೊಳಗಿನ ಮಣ್ಣು ಕೆರೆದ. ಸೋಪು ಹಾಕಿ ತೊಳೆದ. ಮೇಣ ತಿಕ್ಕಿ, ಗಿರಾಕಿಗಳು ನೋಡಲೆಂದು ಅಗ್ಗಿಷ್ಟಿಕೆಯ ಕಟ್ಟೆಯ ಮೇಲಿಟ್ಟ.

ಮೂರನೆಯ ಬೆಳಿಗ್ಗೆ ಐವಿ ಗಂಜಿಯ ಬಟ್ಟಲು ಬದಿಗೆ ಸರಿಸಿದಳು.

"ಅಪ್ಪಾ, ನನ್ನ ಕಾಲೆಲ್ಲಿ?"

"ಇಲ್ಲೇ ಇದೆಯಲ್ಲ ಪುಟ್ಟಾ."

ಪಾದ ಹಿಂಡಿದ. ಅವಳು ಅಳಲಿಲ್ಲ. ಬಂದ ಡಾಕ್ಟರು ಸೂಜಿ ಚುಚ್ಚಿ ನೋಡಿ, ತಲೆಯಾಡಿಸಿ, ಆಂಬುಲೆನ್ಸಿಗೆ ಹೇಳಿ ಹೋದರು. ಮಧ್ಯಾಹ್ನವಾದರೂ ಆಂಬುಲೆನ್ಸ್ ಬಂದಿರಲಿಲ್ಲ; ಮರಗಟ್ಟುವಿಕೆ ಸೊಂಟಕ್ಕೇರಿತ್ತು. ಮಗುವಿನ ಕೂದಲಿನಿಂದ ಹಳೆಯ ಮಸಿಯ ವಾಸನೆ ಬರುತ್ತಿತ್ತು.

ಲೆನರ್ಡ್ ಪಬ್ಬಿಗೆ ಓಡಿದ. ಬೂಟನ್ನು ಮೊದಲಿದ್ದ ಗೂಡಿನಲ್ಲಿಟ್ಟ. ಮೇಲೆ ಕತ್ತಲಲ್ಲಿ ಏನೋ ಮೂಸಿತು. ನಿಧಾನವಾಗಿ. ಉದ್ದಕ್ಕೆ. ಬೂಟು ದೊಪ್ಪೆಂದು ಕೆಳಗೆ ಬಿತ್ತು.

ಬಾಗಿಲಲ್ಲಿ ಮುದುಕಿ ನಿಂತಿದ್ದಳು. "ತೊಳೆದುಬಿಟ್ಯೇನೋ? ಕಾಲಿನ ವಾಸನೇನೇ ತೊಳೆದುಬಿಟ್ಯಲ್ಲೋ!"

"ಐವಿದೇ ಒಂದು ಬೂಟು ಇಟ್ರೆ?"

"ಅವಳನ್ನೇ ಅದರ ಕೈಗಿತ್ತ ಹಾಗೆ. ಬೂಟು ಯಾರದೋ ಅವರು ಹೋಗ್ತಾರೆ ತಮ್ಮಾ. ಈ ಬೂಟಿನ ಮಗೂನೂ ಉಳೀಲಿಲ್ಲ."

ಅವನು ಕೇಳುತ್ತ ನಿಲ್ಲಲಿಲ್ಲ. ತನ್ನ ಬೂಟು ಕಳಚಿದ. ಇನ್ನೂ ಬೆಚ್ಚಗಿತ್ತು. ಬೆವರು ನಾರುತ್ತಿತ್ತು. ಗೂಡಿಗೆ ತುರುಕಿದ. ಇಟ್ಟಿಗೆ. ಗಾರೆ. ಮತ್ತೊಂದು ಇಟ್ಟಿಗೆ. ಮೂಸುವ ಸದ್ದು ಹತ್ತಿರ ಬಂತು. ತೀರಾ ಹತ್ತಿರ. ನಿಂತಿತು.

ಗೋಡೆಯಾಚೆ ಐವಿ ಕಿರುಚಿದಳು. "ಅಪ್ಪಾ! ಕಾಲು ಜುಮ್ ಅಂತಿದೆ!"

ಹೋಗಲೆಂದು ಹೆಜ್ಜೆ ಎತ್ತಿದ. ಕೆಳಗೆ ನೆಲವೇ ತಿಳಿಯಲಿಲ್ಲ.

ಚಳಿಗಾಲ ಬರುವಷ್ಟರಲ್ಲಿ ಅವನ ಕೈಗಳೂ ಮರಗಟ್ಟಿದ್ದವು. ಐವಿ ಎರಡೂ ಮನೆಗಳ ನಡುವೆ ಓಡಾಡಿ, ಮುದುಕಿ ಮಾಡಿಕೊಟ್ಟ ಚಹಾ ತಂದು ಅವನ ತುಟಿಗಿಟ್ಟಳು.

"ಸುಡುತ್ತಾ ಅಪ್ಪಾ?"

ಅವನು ಕಪ್ಪಿನ ಮೇಲಿನ ಹಬೆ ನೋಡಿದ.

"ಇಲ್ಲ ಪುಟ್ಟಾ, ಹದವಾಗಿದೆ."